ಕಪ್ಪು ಮೂರರ ಶ್ರುತಿ

ಮಿರಜ
೪ ನವೆಂಬರ್ ೨೦೨೪

ಸೃಷ್ಟಿ,

ಕಾಗದದ ನೆತ್ತಿಯ ಮೇಲೆ ಆಶೀರ್ವಾದ ಎಂದು ಬರೆಯುವುದು ರೂಢಿ. ಇವತ್ತು ಕೈ ಏಳಲಿಲ್ಲ. ಜಾಗ ಖಾಲಿ ಬಿಟ್ಟಿದ್ದೇನೆ.

ಸಂಗೀತ ಸಭಾದ ಕಾರ್ಯದರ್ಶಿ ರಮಾಕಾಂತ ನನಗೊಂದು ಆಮಂತ್ರಣ ಕಳಿಸಿದ್ದಾನೆ. ಡಿಸೆಂಬರ್ ಹದಿನಾಲ್ಕರ ಸಂಜೆ, ಧಾರವಾಡದ ನಾದಮಂದಿರದಲ್ಲಿ, ಯುವ ಗಾಯಕಿ ಸೃಷ್ಟಿಯ ಪ್ರಥಮ ಕಛೇರಿಯಂತೆ. ನಾದಮಂದಿರ! ನಾನು ನಲವತ್ತು ದಾಟಿದ ಮೇಲೆ ಹತ್ತಿದ ವೇದಿಕೆ ಅದು. ಗೋಡೆಯ ಮೇಲಿನ ಫೋಟೋಗಳನ್ನು ನೋಡಿದರೇ ದೊಡ್ಡ ದೊಡ್ಡವರೂ ಕೈ ಮುಗಿದು ಒಳಗೆ ಹೋಗುತ್ತಾರೆ.

ಆಮಂತ್ರಣ ಬಂದಾಗ ನನ್ನ ತಮ್ಮನ ಹೆಂಡತಿ ಕಾಳವ್ವ ಪಕ್ಕದಲ್ಲೇ ನಿಂತಿದ್ದಳು. "ಅಕ್ಕಾರ, ನಿಮ್ಮ ಹುಡುಗಿ ಹೆಸರು ಐತಿ. ನಿಮ್ಮ ಹೆಸರು ಎಲ್ಲೈತ್ರಿ?" ಎಂದು ಕೇಳಿದಳು. ನಾನೂ ಕನ್ನಡಕ ಹಾಕಿಕೊಂಡು ಹುಡುಕಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಸಿಕ್ಕಿದ್ದು ಬೇರೆ ಹೆಸರು: ಮಾರ್ಗದರ್ಶನ, ಶಶಿಕುಮಾರ. ಕೇಶ್ವಾಪುರದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಪಾಠ ಹೇಳುವ ಆ ಹುಡುಗ ನಿನಗೆ ಯಾವಾಗ ಗುರುವಾದ?

ನಮ್ಮಲ್ಲಿ ಒಂದು ಪದ್ಧತಿಯಿದೆ. ಶಿಷ್ಯೆ ಗುರುವಿನ ಹಿಂದೆ ಕೂಡಬೇಕು, ತಂಬೂರಿ ಮೀಟಬೇಕು, ಗುರು ಬಿಟ್ಟ ಜಾಗದಲ್ಲಿ ದನಿ ಕೂಡಿಸಬೇಕು. ಒಂದು ದಿನ ಗುರು ತಾನೇ ತಂಬೂರಿಯನ್ನು ಅವಳ ಕೈಗೆ ಕೊಟ್ಟು, ಇನ್ನು ನೀನು ಮುಂದೆ ಕೂಡು ಎನ್ನಬೇಕು. ಅಲ್ಲಿಯವರೆಗೆ ಒಬ್ಬಳೇ ವೇದಿಕೆ ಹತ್ತುವಂತಿಲ್ಲ. ಹನ್ನೊಂದು ವರ್ಷ ನನ್ನ ಹಿಂದೆ ಕೂತವಳಿಗೆ ಇದನ್ನು ಕಾಗದದಲ್ಲಿ ಬರೆದು ತಿಳಿಸಬೇಕೇ? ನಾನು ತಂಬೂರಿ ಕೊಟ್ಟೆನೇ?

ಮೊಣಕಾಲಿನ ಔಷಧಕ್ಕೆಂದು ಮಿರಜಕ್ಕೆ ಬಂದು ತಮ್ಮನ ಮನೆಯಲ್ಲಿದ್ದೇನೆ. ಸತ್ತಿಲ್ಲ. ಕೇಳಬೇಕೆಂದರೆ ವಿಳಾಸ ನಿನ್ನ ಹತ್ತಿರ ಇದೆ.

ಫೋನು ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ನೀನು ಅಳುತ್ತೀ, ಆಮೇಲೆ ತಪ್ಪೆಲ್ಲ ನನ್ನದೇ ಆಗಿಬಿಡುತ್ತದೆ. ಏನಿದ್ದರೂ ಬರೆ.

ಈರವ್ವ


ಬೆಂಗೇರಿ, ಹುಬ್ಬಳ್ಳಿ
೯ ನವೆಂಬರ್ ೨೦೨೪

ಪೂಜ್ಯ ಅಕ್ಕಾವರಿಗೆ ಸೃಷ್ಟಿಯ ಶರಣು ಶರಣಾರ್ಥಿಗಳು.

ನಿಮ್ಮ ಕಾಗದ ಓದಿ ಅವ್ವ ಒಲೆ ಆರಿಸಿ ಕೂತುಬಿಟ್ಟಳು. ನನ್ನ ತಪ್ಪಿದೆ, ಇಲ್ಲ ಎನ್ನುವುದಿಲ್ಲ. ಆದರೆ ಕೇಳಲಿಲ್ಲ ಎಂದು ಮಾತ್ರ ಹೇಳಬೇಡಿ. ಬೇಸಿಗೆಯಿಡೀ ಫೋನು ಮಾಡಿದೆ, ಈ ಕಛೇರಿ ಗೊತ್ತಾದ ಮೇಲೂ ಮಾಡಿದೆ. ನಿಮ್ಮ ತಮ್ಮನ ಮಗ ಮಾಲತೇಶ ಪ್ರತಿ ಸಲವೂ ಒಂದೇ ಪಾಠ ಒಪ್ಪಿಸಿದ: "ಅತ್ತಿ ಮಲಗ್ಯಾಳ್ರಿ." ಬೆಳಿಗ್ಗೆ ಮಾಡಿದರೂ ಮಲಗ್ಯಾಳ, ಸಂಜೆ ಮಾಡಿದರೂ ಮಲಗ್ಯಾಳ.

ಈ ಕಛೇರಿ ನಾನು ಬೇಡಿ ತಂದದ್ದಲ್ಲ. ಬರಬೇಕಾಗಿದ್ದ ಯಾರೋ ಬರುವುದಿಲ್ಲ ಎಂದರಂತೆ, ರಮಾಕಾಂತ ಕಾಕಾ ಮನೆಗೆ ಫೋನು ಮಾಡಿ ಈಗಿಂದೀಗ ಹೇಳು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೂಂ ಎಂದುಬಿಟ್ಟರು. ಅಪ್ಪನ ಸ್ವಭಾವ ನಿಮಗೆ ಗೊತ್ತು. ಅಮರಗೋಳದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರಿಗಳಿಗೆಲ್ಲ ಪಾಸು ಹಂಚಿ ಮುಗಿಸಿದ್ದಾರೆ. ಅವರಲ್ಲಿ ಒಬ್ಬರು, ನಿಮ್ಮ ಮಗಳು ಮೈಕು ಹಚ್ಚಿಕೊಂಡು ಹಾಡುತ್ತಾಳೋ ಹಾಗೇ ಹಾಡುತ್ತಾಳೋ ಎಂದು ಕೇಳಿದರಂತೆ.

ಶಶಿಕುಮಾರ ಸರ್ ವಿಷಯ ಸಭಾದವರು ತಪ್ಪು ತಿಳಿದು ಅಚ್ಚು ಹಾಕಿಸಿದ್ದಾರೆ. ನಮ್ಮ ಮನೆಯ ಪಕ್ಕ ಹಿಟ್ಟಿನ ಗಿರಣಿ ಶುರುವಾಗಿದೆ, ಹಗಲೆಲ್ಲ ಸದ್ದು. ಅದಕ್ಕೆ ಅವರ ಕೋಣೆಯಲ್ಲಿ ಕೂತು ರಿಯಾಜು ಮಾಡುತ್ತೇನೆ, ಅಷ್ಟೇ.

ಅಕ್ಕಾ, ಹದಿನಾಲ್ಕಕ್ಕೆ ಬನ್ನಿ. ಅಪ್ಪ ಕಾರು ಕಳಿಸುತ್ತಾರೆ, ಮೊಣಕಾಲಿಗೆ ತ್ರಾಸಾಗದಂತೆ ಕರೆತರುತ್ತೇವೆ. ಆ ವೇದಿಕೆಯ ಮೇಲೆ, ಎಲ್ಲರ ಎದುರಿಗೆ, ನೀವೇ ನನ್ನ ಕೈಗೆ ತಂಬೂರಿ ಕೊಡಿ. ನೀವು ಹೂಂ ಎನ್ನದೆ ಹಾಡಿದರೆ ಅದು ನನಗೆ ಹಾಡಿದಂತೆಯೇ ಅಲ್ಲ.

ನಿಮ್ಮ ಸೃಷ್ಟಿ


ಮಿರಜ
೧೪ ನವೆಂಬರ್ ೨೦೨೪

ಸೃಷ್ಟಿ,

ಅರಫಾತ ಬಂದಿದ್ದ. ನಿನಗೆ ತಬಲಾ ಸಾಥ್ ಕೊಡುವವನೇ. ಇಲ್ಲಿ ತಬಲಾಕ್ಕೆ ಹೊಸ ಚರ್ಮ ಹಾಕಿಸಲು ಬಂದವನು ನನ್ನನ್ನೂ ನೋಡಿಕೊಂಡು ಹೋದ. ಒಳ್ಳೆಯ ಹುಡುಗ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. "ಸೃಷ್ಟಿ ಈಗ ಕಪ್ಪು ಐದರಾಗ ಹಾಡ್ತಾಳ್ರಿ ಅಕ್ಕಾ, ಶಶಿ ಸರ್ ಬದ್ಲಿ ಮಾಡಿಸ್ಯಾರ. ಭಾಳ ಛಲೋ ಕೇಳ್ತೈತಿ" ಎಂದು ನನಗೇ ಸಿಹಿಸುದ್ದಿ ಹೇಳಿದ.

ಗಿರಣಿಯಂತೆ, ಸದ್ದಂತೆ! ನನಗೇ ಸುಳ್ಳು ಬರೆಯುತ್ತೀಯಾ? ಗುರು ಬದುಕಿರುವಾಗ ಇನ್ನೊಬ್ಬನ ಎದುರು ಹೋಗಿ ಕೂತದ್ದಲ್ಲದೆ, ಶ್ರುತಿಯನ್ನೂ ಬದಲಿಸಿದೆ. ಹಾರ್ಮೋನಿಯಂನ ಮೂರನೆಯ ಕಪ್ಪು ಪಟ್ಟಿ ನಮ್ಮ ಷಡ್ಜ. ನನ್ನ ಗುರುಮಾ ಹಾಡಿದ್ದು ಕಪ್ಪು ಮೂರು, ನಾನು ಹಾಡಿದ್ದು ಕಪ್ಪು ಮೂರು. ಅದನ್ನು ಬಿಟ್ಟವಳು ನಮ್ಮ ಮನೆ ಬಿಟ್ಟ ಹಾಗೆ.

ನಿನ್ನ ಮಂದ್ರ ಟೊಳ್ಳು. ಕೆಳಗಿನ ಸ್ವರಕ್ಕೆ ಇಳಿದರೆ ದನಿಯೇ ಇರುವುದಿಲ್ಲ, ಬರೀ ಉಸಿರು. ಹನ್ನೊಂದು ವರ್ಷದಿಂದ ಇದನ್ನು ಹೇಳುತ್ತಲೇ ಬಂದಿದ್ದೇನೆ. ಇದನ್ನು ಮುಚ್ಚಿಡಲು ಮೇಲಿನ ಶ್ರುತಿಗೆ ಓಡಿಹೋದೆಯಾ?

ಮಾಲತೇಶನ ಕೈಯಿಂದ ರಮಾಕಾಂತನಿಗೆ ಫೋನು ಮಾಡಿಸಿದ್ದೇನೆ. ಹುಡುಗಿ ಇನ್ನೂ ತಯಾರಾಗಿಲ್ಲ, ನನ್ನ ಒಪ್ಪಿಗೆ ಇಲ್ಲ ಎಂದು ಹೇಳಿಸಿದ್ದೇನೆ. ಇನ್ನು ಅವನುಂಟು, ನೀನುಂಟು.

ಈರವ್ವ


ಬೆಂಗೇರಿ
೧೯ ನವೆಂಬರ್ ೨೦೨೪

ಅಕ್ಕಾ,

ಇವತ್ತು ಶರಣು ಬರೆಯಲು ನನಗೂ ಕೈ ಏಳಲಿಲ್ಲ.

ಭಾನುವಾರ ರಮಾಕಾಂತ ಕಾಕಾ ಮನೆಗೆ ಬಂದರು. ಅಪ್ಪ ಅವಲಕ್ಕಿ ತರಿಸಿ, ಇನ್ನಷ್ಟು ಪಾಸು ಸಿಗುತ್ತವೆಯೇ ಎಂದು ಕೇಳುತ್ತ ಕೂತಿದ್ದರು. ಕಾಕಾ ತಟ್ಟೆ ಕೆಳಗಿಟ್ಟು ನಿಮ್ಮ ಮಾತು ಹೇಳಿದರು. ಆಮಂತ್ರಣ ಹಂಚಿ ಆಗಿದೆ, ರದ್ದು ಮಾಡಿದರೆ ಸಭಾಕ್ಕೆ ಮರ್ಯಾದೆ ಇಲ್ಲ. ಅದಕ್ಕೆ ಒಂದೂವರೆ ತಾಸನ್ನು ಮುಕ್ಕಾಲು ತಾಸಿಗೆ ಇಳಿಸಿ, ಆಮೇಲೆ ಬೇರೆ ದೊಡ್ಡ ಗಾಯಕರನ್ನು ಕೂಡಿಸುತ್ತೇವೆ, ಜನ ಕುರ್ಚಿ ಹುಡುಕುವ ಹೊತ್ತಿನಲ್ಲಿ ಇವಳದು ಮುಗಿದುಹೋಗಲಿ ಎಂದರು. ಜಗಳಕ್ಕೆ ಹೆಸರಾದ ನನ್ನ ಅಪ್ಪ ಏನು ಹೇಳಿದರು ಗೊತ್ತೇ? "ಅಕ್ಕಾರು ಹಂಗ ಅಂದಿದ್ರ ಹಂಗ ಇರಬೇಕ್ರಿ." ನನ್ನ ಮುಖ ನೋಡಲಿಲ್ಲ. ರಜೆಯ ದಿನ ಅಂಗಿ ಹಾಕಿಕೊಂಡು ಅಮರಗೋಳಕ್ಕೆ ಹೋಗಿ ಬಾಗಿಲು ಹಾಕಿದ ತಮ್ಮ ಅಂಗಡಿಯ ಮುಂದೆ ಕೂತರು.

ಹೌದು, ಸುಳ್ಳು ಬರೆದೆ. ಜೂನ್ ತಿಂಗಳಿನಿಂದ ಶಶಿಕುಮಾರ ಸರ್ ಹತ್ತಿರ ಕಲಿಯುತ್ತಿದ್ದೇನೆ. ಇನ್ನು ಮುಚ್ಚಿಡುವುದೇನಿದೆ, ಕೇಳಿ.

ಮೊದಲ ದಿನ ಕಪ್ಪು ಮೂರಕ್ಕೆ ತಂಬೂರಿ ಕೂಡಿಸಿ ಹಾಡಿದೆ. ಅವರು ಕೇಳಿ ಮುಗಿಸಿ, ಇದು ಯಾರ ಶ್ರುತಿ ಎಂದರು. ನಮ್ಮ ಅಕ್ಕಂದು ಎಂದೆ. "ಅದು ಗೊತ್ತಾತು. ನಿಂದು ಯಾವುದು?" ಅಕ್ಕಾ, ಇಪ್ಪತ್ತಾರು ವರ್ಷದವಳು, ನನ್ನ ದನಿ ಎಲ್ಲಿ ಕೂಡುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅವರು ಒಂದೊಂದೇ ಪಟ್ಟಿ ಮೇಲೆ ಹೋಗುತ್ತ ಹಾಡಿಸಿದರು. ಕಪ್ಪು ಐದಕ್ಕೆ ಬಂದಾಗ ಮಂದ್ರದ ಸ್ವರ ಹೊಟ್ಟೆಯಿಂದ ಎದ್ದು ಬಂತು. ನಾನು ಅಲ್ಲೇ ಅತ್ತೆ. ಖುಷಿಗೆ ಅತ್ತೆ ಎಂದುಕೊಂಡರು ಅವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಿಮ್ಮ ಶ್ರುತಿ ನನಗೆ ತೀರ ಕೆಳಗೆ. ಅಲ್ಲಿಂದ ಇನ್ನೂ ಕೆಳಗಿಳಿ ಎಂದರೆ ಯಾರ ದನಿಯಾದರೂ ಟೊಳ್ಳಾಗುತ್ತದೆ. ಅದಕ್ಕೆ ಹನ್ನೊಂದು ವರ್ಷ ಬಯ್ಯಿಸಿಕೊಂಡೆ. ಬೆಳಗಿನ ಜಾವ ಎದ್ದು ಗಂಟಲು ಕೆರೆದುಕೊಂಡೆ. ನನ್ನಲ್ಲೇ ಏನೋ ಐಬಿದೆ ಎಂದು ನಂಬಿದೆ. ಆ ಶ್ರುತಿಯಲ್ಲಿ ಮೇಲಿನ ಸ್ವರಗಳು ಮಾತ್ರ ನನಗೆ ನೀರು ಕುಡಿದಷ್ಟು ಸಲೀಸು. ನಿಮಗೆ ಬೇಕಾಗಿದ್ದದ್ದೂ ಅಷ್ಟೇ ಅಲ್ಲವೇ?

ಗದಗಿನ ಕಛೇರಿ ನೆನಪಿದೆಯೇ? ಮೇಲಿನ ಷಡ್ಜ ಬರುವಾಗ ನೀವು ಕೈ ಎತ್ತಿದಿರಿ, ಬಾಯಿ ತೆರೆದಿರಿ, ದನಿ ನನ್ನದು. ಜನ ವಾಹ್ ವಾಹ್ ಎಂದರು. ಈ ವಯಸ್ಸಿನಲ್ಲೂ ಎಂಥ ದನಿ ಎಂದು ನಿಮ್ಮ ಕಾಲಿಗೆ ಬೀಳಲು ಸಾಲುಗಟ್ಟಿದರು. ನಾನು ಹಿಂದೆ ಕೂತು ತಂಬೂರಿಗೆ ಗವಸು ಹಾಕುತ್ತಿದ್ದೆ. ನಿಮ್ಮ ಮೇಲಿನ ಸ್ವರ ಹೋಗಿ ನಾಲ್ಕು ವರ್ಷವಾಯಿತು, ಅದನ್ನು ಊರಿಗೆ ಗೊತ್ತಾಗದಂತೆ ಕಾದದ್ದು ನನ್ನ ಗಂಟಲು. ನಾನು ತಯಾರಾಗಿರಲಿಲ್ಲ ಎಂಬುದಲ್ಲ, ನಾನು ಎದ್ದು ಹೋದರೆ ನಿಮ್ಮ ಹಿಂದೆ ಖಾಲಿ. ಅದಕ್ಕೇ ತಂಬೂರಿ ಕೊಡಲಿಲ್ಲ.

ಅರಫಾತ ಬಂದು, ಅಕ್ಕಾರು ಒಂದೇ ಒಂದು ಮಾತೂ ಆಡಲಿಲ್ಲ, ಬರೀ ಗೋಣು ಹಾಕಿದರು, ಬಹಳ ಸಿಟ್ಟಿಗೆದ್ದಿದ್ದಾರೆ ಎಂದ. ಮನೆಗೆ ಬಂದವನಿಗೆ ಚಹಾ ಕುಡಿ ಎನ್ನಲೂ ಆಗದಷ್ಟು ಗರ್ವ ಏನದು?

ಮುಕ್ಕಾಲು ತಾಸು ನನಗೆ ಸಾಕು. ಪೂರಿಯಾ ಹಾಡುತ್ತೇನೆ. ಮಂದ್ರದಲ್ಲೇ ಓಡಾಡುವ ರಾಗ, ನಿನಗಲ್ಲ ಎಂದು ನೀವು ಬಾಯಿ ಮುಚ್ಚಿಸಿದ್ದ ರಾಗ. ಕಪ್ಪು ಐದರಲ್ಲೇ ಹಾಡುತ್ತೇನೆ.

ಸೃಷ್ಟಿ


ಮಿರಜ
೮ ಡಿಸೆಂಬರ್ ೨೦೨೪

ಸೃಷ್ಟಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆದೆ, ಹರಿದೆ, ಮತ್ತೆ ಬರೆದೆ. ಗದಗಿನ ಮಾತನ್ನು ನೀನು ಬರೆಯಬಾರದಿತ್ತು.

ಹಾಡು. ಪೂರಿಯಾನೇ ಹಾಡು. ಶುರು ಮಾಡುವ ಮುಂಚೆ ಕಿವಿ ಮುಟ್ಟಿಕೊಂಡು ಗುರುವಿನ ಹೆಸರು ಹೇಳುತ್ತಾರಲ್ಲ, ಆಗ ನನ್ನ ಹೆಸರು ಎತ್ತಬೇಡ. ಎತ್ತಿದರೆ ನೀನು ನನ್ನ ಪಾಲಿಗೆ ಇಲ್ಲ.

ಈರವ್ವ


ಬೆಂಗೇರಿ
೧೬ ಡಿಸೆಂಬರ್ ೨೦೨೪

ಅಕ್ಕಾ,

ನಿಮಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇದನ್ನು ಹೇಳಿದರೆ ತಿಳಿಯುವವರು ಇನ್ನೊಬ್ಬರಿಲ್ಲ.

ಹದಿನಾಲ್ಕರ ಸಂಜೆ ಯಾರ ಮಾತೂ ಬೇಡವೆಂದು ಮೇಕಪ್ ಕೋಣೆಯ ಬಾಗಿಲು ಹಾಕಿಕೊಂಡು ಎರಡೂ ತಂಬೂರಿ ನಾನೇ ಶ್ರುತಿ ಮಾಡಿದೆ. ನಿಮ್ಮನ್ನು ಮನಸ್ಸಿನಲ್ಲೇ ಬಯ್ಯುತ್ತ ಬಯ್ಯುತ್ತ ಮಾಡಿದೆ. ಅರಫಾತ ಬಸ್ಸು ತಪ್ಪಿಸಿಕೊಂಡು ಓಡಿ ಬಂದು ನೇರ ವೇದಿಕೆಗೇ ಹತ್ತಿದ. ಪರದೆ ತೆರೆಯಿತು, ಹಿಂದೆ ಕೂತಿದ್ದ ಸಭಾದ ಹುಡುಗಿಯರಿಂದ ತಂಬೂರಿ ಮೀಟಿಸಿದೆ. ಅವನು ತಬಲಾ ಒಮ್ಮೆ ತಟ್ಟಿ, ಇನ್ನೊಮ್ಮೆ ತಟ್ಟಿ, ನನ್ನ ಕಡೆ ಬಗ್ಗಿದ. "ಸೃಷ್ಟಿ, ಕಪ್ಪು ಮೂರಕ್ಕ ಇಟ್ಟೀಯಲ್ಲ. ಈ ತಬಲಾ ಅಷ್ಟು ಕೆಳಗ ಇಳಿಯಂಗಿಲ್ಲ."

ಮೈಕು ಚಾಲೂ ಇತ್ತು. ಇಡೀ ಸಭೆಗೆ ಕೇಳಿಸಿತು.

ಮನಸ್ಸು ನಿಮ್ಮನ್ನು ಬಯ್ಯುತ್ತಿತ್ತು, ಕೈ ಸುಮ್ಮನೆ ನಿಮ್ಮ ಮಾತು ಕೇಳಿತ್ತು. ನನಗೆ ನನ್ನ ಕೈಯನ್ನೇ ಕಚ್ಚಬೇಕೆನಿಸಿತು. ಎಲ್ಲರ ಎದುರು ಒಂದೊಂದೇ ತಂತಿ ಬಿಗಿದು ಎರಡೂ ತಂಬೂರಿಗಳನ್ನು ಮೇಲಕ್ಕೆ ತಂದೆ. ರಮಾಕಾಂತ ಕಾಕಾ ಪರದೆಯ ಪಕ್ಕ ನಿಂತು ಗಡಿಯಾರ ತೋರಿಸುತ್ತಿದ್ದರು. ಅಪ್ಪನ ವ್ಯಾಪಾರಿಗಳಲ್ಲಿ ಒಬ್ಬರು ಪಕ್ಕದವರನ್ನು, ಹುಡುಗಿ ಹಾಡಾಕ ಬಂದಾಳೋ ರಿಪೇರಿ ಮಾಡಾಕ ಬಂದಾಳೋ ಎಂದು ಕೇಳಿದ್ದು ನನಗೂ ಕೇಳಿಸಿತು. ಜನ ನಕ್ಕರು. ಇದ್ದ ಮುಕ್ಕಾಲು ತಾಸಿನಲ್ಲಿ ಅಷ್ಟು ಹೊತ್ತು ಅದಕ್ಕೇ ಹೋಯಿತು.

ಆಮೇಲೆ ಕಾಕಾ ಮೈಕಿನಲ್ಲಿ ಗುರುಗಳ ಹೆಸರು ಹೇಳು ಎಂದರು. ಶಶಿಕುಮಾರ ಸರ್ ಮೊದಲ ಸಾಲಿನಲ್ಲೇ ಕೂತಿದ್ದರು. ನಾನು ಕಿವಿ ಮುಟ್ಟಿಕೊಂಡು ನಿಮ್ಮ ಹೆಸರು ಹೇಳಿದೆ. ಪ್ರೀತಿ ಉಕ್ಕಿ ಹೇಳಿದೆ ಎಂದು ತಿಳಿಯಬೇಡಿ. ಸಿಟ್ಟಿನಿಂದ ಹೇಳಿದೆ. ನನ್ನ ಹನ್ನೊಂದು ವರ್ಷವನ್ನು ಇಲ್ಲ ಎನ್ನಿಸುವ ಹಕ್ಕು ನಿಮಗಿಲ್ಲ. ನೀವು ಕಲಿಸಿದ್ದು ಖರೇ, ನೀವು ಕೆಡಿಸಿದ್ದೂ ಖರೇ, ಎರಡೂ ನನ್ನವು.

ಪೂರಿಯಾ ಹಾಡಿದೆ. ಮಂದ್ರದ ನಿಷಾದದ ಮೇಲೆ ನಿಂತಾಗ ದನಿ ಅಲುಗಲಿಲ್ಲ. ಕುರ್ಚಿ ಹುಡುಕುತ್ತಿದ್ದವರು ಎಲ್ಲಿದ್ದರೋ ಅಲ್ಲೇ ಕೂತರು. ಮುಗಿದಾಗ ರಮಾಕಾಂತ ಕಾಕಾ ಇನ್ನೊಂದು ಹಾಡು ಎಂದು ಕೈಸನ್ನೆ ಮಾಡಿದರು. ಆಗಲ್ಲ ಎಂದು ಎದ್ದು ಬಂದೆ. ಮುಕ್ಕಾಲು ತಾಸು ಎಂದಿದ್ದರಲ್ಲ.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಕಾರು ನಿಲ್ಲಿಸಿ, "ನಿನ್ನ ದನಿ ಇಷ್ಟು ದೊಡ್ಡದೈತಿ ಅಂತ ನನಗ ಯಾರೂ ಹೇಳಿರಲಿಲ್ಲವ್ವಾ" ಎಂದರು. ಅದಕ್ಕೆ ನಾನೇನು ಹೇಳಲಿ? ನೀವೇ ಹೇಳಿ.

ಸೃಷ್ಟಿ


ಮಿರಜ
೨೩ ಡಿಸೆಂಬರ್ ೨೦೨೪

ಚಿ. ಸೃಷ್ಟಿಗೆ ಆಶೀರ್ವಾದ.

ಕಛೇರಿಯನ್ನು ನಾನು ನೋಡಿದೆ. ಸಭಾದವರು ಫೋನಿನಲ್ಲಿ ಬಿಡುತ್ತಾರೆಂದು ಮಾಲತೇಶ ಹಚ್ಚಿಕೊಟ್ಟ. ಮೊದಲು ತಂಬೂರಿ ನುಡಿದಾಗ ಕಪ್ಪು ಮೂರು ಕೇಳಿಸಿತು. ನಾನು ಗೆದ್ದೆ ಎಂದುಕೊಂಡೆ. ಹುಡುಗಿ ಮನೆಗೆ ಬಂದಳು ಎಂದು ಕಾಳವ್ವನ ಕಡೆ ನೋಡಿ ನಕ್ಕೆ. ಆಮೇಲೆ ನೀನು ತಂತಿ ಬಿಗಿಯಲು ಶುರು ಮಾಡಿದೆ. ಎಲ್ಲರ ಎದುರು ನನ್ನ ಕೆನ್ನೆಗೆ ಹೊಡೆದಂತಾಯಿತು. ಹೆಸರು ಎತ್ತಬೇಡ ಎಂದರೂ ಎತ್ತಿದೆ. ಅದಕ್ಕೂ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ನಿನ್ನ ಮಂದ್ರ ಕೇಳಿ. ಅದು ಟೊಳ್ಳಲ್ಲ.

ಮೊಣಕಾಲು ಚೆನ್ನಾಗಿಯೇ ಇದೆ. ಹೋದದ್ದು ಗಂಟಲು. ಮೇ ತಿಂಗಳಲ್ಲಿ ಆಪರೇಶನ್ ಆಯಿತು. ಈಗ ಬಾಯಿ ತೆರೆದರೆ ಗಾಳಿ ಬರುತ್ತದೆ, ದನಿ ಬರುವುದಿಲ್ಲ. ಅರಫಾತನ ಎದುರು ಬಾಯಿ ಬಿಟ್ಟಿದ್ದರೆ ಮರುದಿನ ಹುಬ್ಬಳ್ಳಿಗೆಲ್ಲ ಗೊತ್ತಾಗುತ್ತಿತ್ತು. ಅಯ್ಯೋ ಪಾಪ ಎಂದು ನೀನು ಬರೆದರೆ ಕಾಗದ ವಾಪಸ್ ಕಳಿಸುತ್ತೇನೆ.

ಶಶಿಕುಮಾರ ಕೇಳಿದ ಪ್ರಶ್ನೆ ಇದೆಯಲ್ಲ, ಅದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಕಪ್ಪು ಮೂರು ನನ್ನದಲ್ಲ ಸೃಷ್ಟಿ. ಅದು ನನ್ನ ಗುರುಮಾ ಹುಲಿಗೆವ್ವನದು. ಗಂಡಸರು ತಿರುಗಿ ನೋಡುವಂಥ ಭಾರಿ ದನಿ ಅವಳದು. ಸಣ್ಣವಳಿದ್ದಾಗ ಅವಳ ಹಿಂದೆ ಕೂತೆ, ಅವಳು ತೀರಿಕೊಂಡ ಮೇಲೆ ಮುಂದೆ ಬಂದು ಕೂತೆ. ಶ್ರುತಿ ಬದಲಿಸಬಹುದು ಎಂಬುದು ತಲೆಗೇ ಹೊಳೆಯಲಿಲ್ಲ. ಅವಳಿಗೆ ಸಲೀಸಾದದ್ದಕ್ಕೆ ನಾನು ಗಂಟಲು ಒತ್ತಿ ಒತ್ತಿ ಇಳಿದೆ. ಎಷ್ಟು ವರ್ಷದಿಂದ ಇದರ ಮೇಲೆ ಜುಲುಮೆ ಮಾಡಿದ್ದೀರಿ ಎಂದು ಇಲ್ಲಿಯ ಡಾಕ್ಟರು ಕೇಳಿದಾಗ ಅವರ ಮೇಲೆ ರೇಗಿದ್ದೆ.

ನಂದು ಯಾವುದಾಗಿತ್ತು? ಬಿಳಿ ಐದೋ, ಕಪ್ಪು ನಾಲ್ಕೋ? ಹುಡುಕೋಣವೆಂದರೆ ಈಗ ದನಿಯೇ ಇಲ್ಲ. ನನ್ನ ದನಿಯನ್ನು ನಾನು ಒಮ್ಮೆಯೂ ಕೇಳದೆ ಎಲ್ಲ ಮುಗಿಯಿತು. ಸತ್ತು ಮೂವತ್ತು ವರ್ಷವಾದವಳ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೇನೆ. ನಿನಗಾದರೆ ಬಯ್ದು ಕಾಗದ ಹಾಕಲು ನಾನಿದ್ದೆ.

ಮುಂದಿನ ಸಲ ಹಾಡುವಾಗ ಹೇಳು. ನಿನ್ನ ಹಿಂದೆ ಕೂತು ತಂಬೂರಿ ಮೀಟುತ್ತೇನೆ. ಅದಕ್ಕೆ ಗಂಟಲು ಬೇಕಾಗಿಲ್ಲ. ಕಪ್ಪು ಐದಕ್ಕೇ ಕೂಡಿಸುತ್ತೇನೆ.

ಈರವ್ವ


ಬೆಂಗೇರಿ
೬ ಜನವರಿ ೨೦೨೫

ಅಕ್ಕಾವರಿಗೆ ಶರಣು.

ಅಯ್ಯೋ ಪಾಪ ಎಂದು ಬರೆಯುವುದಿಲ್ಲ. ನನ್ನ ಸಿಟ್ಟು ಇಳಿದಿಲ್ಲ. ಗಂಟಲಿನ ವಿಷಯ ಮುಚ್ಚಿಟ್ಟದ್ದಕ್ಕೆ ಇನ್ನಷ್ಟು ಏರಿದೆ.

ನನ್ನ ಹಿಂದೆ ಕೂಡುವುದು ಬೇಡ. ಹಿಂದೆ ಕೂತದ್ದು ನಮ್ಮಿಬ್ಬರಿಗೂ ಸಾಕಾಗಿದೆ.

ಬೇರೆ ಕೆಲಸವಿದೆ. ಕಛೇರಿ ಕೇಳಿ ಹುಮಾ ಎಂಬ ಹುಡುಗಿ ನನ್ನ ಹತ್ತಿರ ಕಲಿಯಲು ಬಂದಿದ್ದಾಳೆ. ಬಿ.ಕಾಂ ಓದುತ್ತಾಳೆ, ಗಣೇಶಪೇಟೆಯಿಂದ ಬರುತ್ತಾಳೆ. ನನ್ನ ಮೊದಲ ಶಿಷ್ಯೆ. ಎದುರಿಗೆ ಕೂಡಿಸಿ, ಹಾರ್ಮೋನಿಯಂ ಒತ್ತಿ, ಸಾ ಹಚ್ಚು ಎಂದೆ. ಹಚ್ಚಿದಳು. ಮೇಲೆ ಹೋದಂತೆ ಕುತ್ತಿಗೆಯ ನರ ಉಬ್ಬಿದವು, ದನಿ ಚೀರತೊಡಗಿತು. ತಯಾರಿ ಸಾಲದು, ಬೆಳಿಗ್ಗೆ ಲಗೂ ಎದ್ದು ಕೂಡು ಎಂದೆ. ಮರು ಪಾಠಕ್ಕೂ ಹಾಗೇ ಆಯಿತು. ನಿನ್ನ ಮೇಲಿನ ಸ್ವರ ಬಹಳ ಕಚ್ಚಾ ಎಂದು ಬಯ್ದು ಕಳಿಸಿದೆ. ಹುಡುಗಿ ಕಣ್ಣು ಒರೆಸಿಕೊಂಡು ಹೋದಳು, ಆದರೂ ಬಿಡದೆ ಬಂದಳು. ನಿನ್ನೆ ಪಾಠದ ನಡುವೆ ಹೆದರುತ್ತ ಹೆದರುತ್ತ ಕೇಳಿದಳು.

"ಅಕ್ಕಾ, ಒಂಚೂರು ಕೆಳಗ ಹಿಡೀಲೇನ್ರಿ?"

ನನ್ನ ಬೆರಳು ಕಪ್ಪು ಐದರ ಮೇಲಿತ್ತು.

ನಿಮ್ಮನ್ನು ಅಷ್ಟೆಲ್ಲ ಬಯ್ದು ಬರೆದು ಇನ್ನೂ ಎರಡು ತಿಂಗಳಾಗಿಲ್ಲ ಅಕ್ಕಾ. ಆ ಹುಡುಗಿ ಕೇಳದೇ ಇದ್ದಿದ್ದರೆ? ನಾನು ನಿಮ್ಮನ್ನು ಕೇಳಲಿಲ್ಲ, ನೀವು ಹುಲಿಗೆವ್ವನನ್ನು ಕೇಳಲಿಲ್ಲ.

ಅಪ್ಪ ಶನಿವಾರ ಕಾರು ತರುತ್ತಾರೆ. ನೆಪ ಹೇಳದೆ ಹತ್ತಿ ಬನ್ನಿ. ಪಾಠ ಹೇಳುವಾಗ ನನ್ನ ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರ ಕೂಡಿರಿ. ಮಾತಾಡುವ ಅಗತ್ಯವಿಲ್ಲ. ಎದುರಿಗೆ ಕೂತವಳ ದನಿ ಕೇಳುವ ಮೊದಲೇ ನನ್ನ ಬೆರಳು ಪಟ್ಟಿ ಒತ್ತಿದರೆ ಕೈ ಮೇಲೆ ಹೊಡೆಯಿರಿ. ಗಟ್ಟಿಯಾಗಿ ಹೊಡೆಯಿರಿ.

ಸೃಷ್ಟಿ